ಅಚ್ಚುಮಣೆ

ಇದು ಮೊದಲು ಬೆಲ್ಲದ ಅಚ್ಚುಮಣೆ.
ಬೋರಾಚಾರಿಯ ಅಳಿಯ ಆಲೆಮನೆ ಕೆಡವಿದ ದಿನ
ಒಲೆಗೆ ಹಾಕುವವರಿದ್ದರು. ನೂರೈವತ್ತು ಕೊಟ್ಟು
ಸೈಕಲ್ ಕ್ಯಾರಿಯರಿಗೆ ಅಡ್ಡ ಬಿಗಿದು ತಂದೆ;
ಎದುರು ಬಂದವರೆಲ್ಲ ನಾಲೆ ಏರಿಯಿಂದ ಇಳಿದು ದಾರಿ ಬಿಟ್ಟರು.
ಆರಡಿ ಉದ್ದ, ನಾಲ್ಕು ಬೆರಳು ದಪ್ಪ,
ಮೈತುಂಬ ಗುಳಿ: ಸಾಲಿಗೆ ಇಪ್ಪತ್ತು, ಮೂರು ಸಾಲು.
ಎಣಿಸುವುದು ನನ್ನ ಕಸುಬಿನ ಚಾಳಿ.

"ಗುಳಿ ಕೆಳಕ್ಕೆ ಮಾಡಿ ಆಕಿ, ಕುಂತ್ರೆ ಒತ್ತಲ್ವಾ?" ಅಂದಳು ದೇವೀರಿ.
ಒತ್ತುತ್ತದೆ. ಆದರೂ ಮೇಲಕ್ಕೇ ಇಟ್ಟೆ.
ಎದ್ದಾಗ ತೊಡೆಯ ಹಿಂದೆ ಅಚ್ಚು ಮೂಡಿರುತ್ತದೆ.
ನಾನೂ ಒಂದು ಪಾಕ,
ಇನ್ನೂ ಗಟ್ಟಿಯಾಗಿಲ್ಲ.

ಮೊದಲ ವರ್ಷ ಇರುವೆಗಳು ಕೂರಲು ಬಿಡಲಿಲ್ಲ.
ಮರ ಬೆಲ್ಲ ಕುಡಿದಿತ್ತು, ಅವಕ್ಕೆ ಗೊತ್ತಿತ್ತು.
ಈಗ ಬರುವುದು ಬರೀ ಅಭ್ಯಾಸಕ್ಕೆ.

ಮೂವತ್ತೆರಡು ವರ್ಷ ನಿಂತವನು ನಾನು.
ಮಂಡ್ಯ, ಪಾಂಡವಪುರ, ಜಕ್ಕನಹಳ್ಳಿ, ಮೇಲುಕೋಟೆ:
ಬಾಗಿಲ ಕಂಬಿಗೆ ಸೊಂಟ ಆನಿಸಿ ಟಿಕೆಟ್ ಹರಿದವನು.
ಬಸುರಿಗೆ, ಕೋಲು ಹಿಡಿದವನಿಗೆ, ಕೋಳಿ ಹಿಡಿದ ಅಜ್ಜಿಗೆ
"ಸ್ವಲ್ಪ ಸರ್ಕೊಳಿ, ಸರ್ಕೊಳಿ" ಎಂದು ಜಾಗ ಮಾಡಿಕೊಟ್ಟವನು.
ಕಂಡಕ್ಟರ್ ಎಂದು ಬರೆದ ಸೀಟಿನಲ್ಲಿ
ಸದಾ ಯಾರದೋ ಸೊಪ್ಪಿನ ಮಂಕರಿ.

ಹಾಗಾಗಿ ಕೂರುವುದನ್ನು ಕಲಿಯಬೇಕಾಯಿತು.
ಮೊದಮೊದಲು ಹತ್ತು ನಿಮಿಷಕ್ಕೇ ಎದ್ದುಬಿಡುತ್ತಿದ್ದೆ,
ಯಾವುದೋ ಸ್ಟಾಪು ಬಂದ ಹಾಗೆ.

ಇವೆಲ್ಲ ಮಂಗಳವಾರದ ಗಿಡಗಳು,
ವಾರದ ರಜೆಯಲ್ಲಿ ಒಂದೊಂದಾಗಿ ನೆಟ್ಟವು.
ಚಕ್ಕೋತ, ಸೊಸೈಟಿ ಗೋದಾಮಿನ ಹಿತ್ತಲಿನಿಂದ.
ಸಂಪಿಗೆ, ಚಿಲ್ಲರೆಯಿಲ್ಲದ ಹುಡುಗನೊಬ್ಬ
ಐದು ರೂಪಾಯಿಗೆ ಬದಲು ಕೊಟ್ಟದ್ದು.
ಬೆಟ್ಟದ ದಿಕ್ಕಿಗೆ ಒಂದು ಹೊಂಗೆ ತಾನೇ ಹುಟ್ಟಿತು,
ಟಿಕೆಟಿಲ್ಲದೆ ಹತ್ತಿ, ತಲೆ ತಗ್ಗಿಸಿ ನಿಂತವನಂತೆ.

ಮಣೆ ಇಲ್ಲಿ ಹಾಕಿದ್ದೇ ಕುಂತಿಬೆಟ್ಟ ಕಾಣಲೆಂದು.
ಎರಡು ಬಂಡೆಗೋಡು, ನಡುವೆ ಸಂಜೆ.
ಹೊಂಗೆ ಮೊಣಕಾಲಿಗಿದ್ದಾಗ ಬೆಟ್ಟ ಪೂರ್ತಿ ನನ್ನದು.
ಸೊಂಟಕ್ಕೆ ಬಂತು, ಎದೆಗೆ ಬಂತು.
ಒಂದು ಮಳೆಗಾಲ ಕಳೆದು ನೋಡಿದರೆ
ಬೆಟ್ಟ ಇಲ್ಲ.
ಅದಕ್ಕೂ ನೀರು ಹೊತ್ತವನು ನಾನೇ;
ಯಾರ ಮೇಲೆ ದೂರು ಬರೆಯಲಿ?

ಮಂಚೇಗೌಡ ಮಚ್ಚು ತಂದ.
"ಎಲ್ಡು ಕೊಂಬೆ ಅಷ್ಟೇ ಕನಣ್ಣ, ಒಂದ್ ಕಿಟ್ಕಿ ಮಾಡ್ಕೊಡ್ತೀನಿ."
ಆ ಕೊಂಬೆಯ ತುದಿಗೆ ಸೂರಕ್ಕಿ ಚೀಲದಂಥ ಗೂಡು ಜೋತುಹಾಕಿತ್ತು.
ಮಚ್ಚಿಗೂ ಅವನಿಗೂ ಟೀ ಕೊಟ್ಟು ಕಳಿಸಿದೆ.

ಆಮೇಲೆ ತಿಳಿಯಿತು:
ಶಿವರಾತ್ರಿ ಕಳೆದು ಹೊಂಗೆ ಬೋಳಾಗುತ್ತದೆ.
ಯುಗಾದಿಯ ತಳಿರು ಬರುವ ಮೊದಲು ಒಂದು ಹತ್ತು ದಿನ
ಕಡ್ಡಿಗಳ ಹಿಂದೆ ಬೆಟ್ಟ ವಾಪಸು ಬರುತ್ತದೆ,
ಟಿಕೆಟಿನ ಬೆನ್ನಿಗೆ ಬರೆದುಕೊಟ್ಟ ಚಿಲ್ಲರೆ
ಇಳಿಯುವ ಹೊತ್ತಿಗೆ ಸಿಕ್ಕಂತೆ.

ಮಿಕ್ಕ ದಿನ ಇರುವುದು ಇಷ್ಟು:
ನೀರು ಬಿಟ್ಟಾಗ ನಾಲೆಯ ಗುಳುಗುಳು,
ಚಕ್ಕೋತ ದೊಪ್ಪೆಂದು ಬಿದ್ದರೆ ನಾಯಿ ಒಂದು ಕಣ್ಣು ತೆರೆಯುವುದು,
ಮಳೆ ನಿಂತ ಮೇಲೆ ಅರವತ್ತು ಗುಳಿಯಲ್ಲಿ ಅರವತ್ತು ಗುಟುಕು ನೀರು.
ಪಿಕಳಾರ ಎಲ್ಲ ಬಿಟ್ಟು ತುದಿಯ ಗುಳಿಗೇ ಬರುತ್ತದೆ.
ಯಾಕೋ.
ಬಿಸಿಲಿನ ದಿನ ದೇವೀರಿ ಅವೇ ಗುಳಿಗಳಲ್ಲಿ ಬೀಜ ಒಣಗಿಸುತ್ತಾಳೆ,
ಹೀರೆ, ಪಡುವಲ, ಸೋರೆ;
ಕೂರಲು ನನಗೆ ಉಳಿದದ್ದು ಎರಡಡಿ.

ಇವತ್ತು ಹಸುವಿಗೆ ಮೇವು ಹಾಕಿ ಬಂದವಳು
ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಮುಂದೆ ನಿಂತಳು.
"ಸ್ವಲ್ಪ ಸರ್ಕೊಳಿ."
ಎಷ್ಟು ಸಾವಿರ ಸಲ ಅಂದ ಮಾತು!
ನನಗೆ ಯಾರೂ ಅಂದಿರಲಿಲ್ಲ.
ಸರಿದೆ. ಹೀರೆಬೀಜ ನಾಲ್ಕು ನೆಲಕ್ಕೆ ಬಿದ್ದವು.
"ಎತ್ತಬ್ಯಾಡಿ ಬುಡಿ, ಅಲ್ಲೇ ಉಟ್ಲಿ."

ಇಬ್ಬರ ಭಾರಕ್ಕೆ ಮಣೆ ಕಿರ್ ಎಂದು ಸುಮ್ಮನಾಯಿತು.
ನಾಲೆಯಾಚೆ ಐದೂ ಇಪ್ಪತ್ತರ ಬಸ್ಸು
ಹಾರನ್ ಹೊಡೆದುಕೊಂಡು ಹೋಯಿತು,
ನಾಲ್ಕು ನಿಮಿಷ ಲೇಟು.